ಬೀನ್ಸ್ ಹೊಲಕ್ಕೆ ಹೊಗೆ ಮದ್ದು

ನನ್ನ ಹೊಲಿಗೆ ಯಂತ್ರ ಇರುವುದು ಕಿಟಕಿಯ ಪಕ್ಕದಲ್ಲಿ. ಬಟ್ಟೆ ಹೊಲಿಯುವವಳಿಗೆ ಬೆಳಕು ಬೇಕಲ್ಲ, ಅದಕ್ಕೆ. ಬೀದಿಯ ಸುದ್ದಿಯೆಲ್ಲ ತಿಳಿಯಲಿ ಅಂತ ಅಲ್ಲಿಟ್ಟುಕೊಂಡಿದ್ದಾಳೆ ಎಂದು ಕೆಲವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ, ಅದೂ ಪೂರ್ತಿ ಸುಳ್ಳಲ್ಲ.

ಆ ಕಿಟಕಿಯಿಂದ ನೋಡಿದರೆ ಮೊದಲು ಒಂದು ಬೀನ್ಸ್ ಹೊಲ ಕಾಣುತ್ತದೆ. ಹೊಲದ ಆಚೆ ಇಟ್ಟಿಗೆ ಗೂಡು, ಗೂಡಿನ ನಡುವೆ ಉದ್ದನೆಯ ಚಿಮಣಿ. ಹೊಲ ನನ್ನ ಪಕ್ಕದ ಮನೆಯವಳದು, ಅವಳ ತಾಯಿ ಅವಳಿಗೆಂದೇ ಬಿಟ್ಟುಹೋದದ್ದು. ಗೂಡು ಅವಳ ಗಂಡನದು. ಅವಳನ್ನು ಎಲ್ಲರೂ ಬೀನ್ಸಕ್ಕ ಎನ್ನುತ್ತಾರೆ, ಅವನನ್ನು ಗೂಡಣ್ಣ. ಒಂದೇ ಮನೆ, ಒಂದೇ ಒಲೆ, ಕಸುಬು ಮಾತ್ರ ಎರಡು.

ಬೀನ್ಸಕ್ಕ ಬೆಳಗಾಗುವ ಹೊತ್ತಿಗೇ ಹೊಲದಲ್ಲಿರುತ್ತಾಳೆ. ಆಗ ಗೂಡಿನ ಹೊಗೆ ಮೇಲಕ್ಕೆ ಏರುವುದಿಲ್ಲ. ನೆಲದ ತಂಪಿಗೆ ಅಂಟಿಕೊಂಡು ಸಾಲುಸಾಲು ಗಿಡಗಳ ಮೇಲೆ ತೆಳ್ಳಗೆ ಹರಡಿಕೊಂಡಿರುತ್ತದೆ. ಅದರ ನಡುವೆ ಅವಳ ಕಾಲು ಕಾಣುವುದಿಲ್ಲ. ಸೊಂಟದಿಂದ ಮೇಲಿನ ಬೀನ್ಸಕ್ಕ ಒಬ್ಬಳೇ ಆ ಕಡೆಯಿಂದ ಈ ಕಡೆಗೆ ತೇಲಿ ಬರುತ್ತಾಳೆ. ಎಳೆಬಿಸಿಲು ಬಿದ್ದರಂತೂ ಇಡೀ ಹೊಲ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ಎಷ್ಟು ಚೆಂದ ಅಂದರೆ ನಾನು ಸೂಜಿಗೆ ದಾರ ಹಾಕುವುದನ್ನೂ ಮರೆತು ಕೂತಿದ್ದೇನೆ. ಆ ಚೆಂದವೇ ನಮಗೆ ಇಷ್ಟು ವರ್ಷ ಮೋಸ ಮಾಡಿದ್ದು.

"ಅಷ್ಟು ಬೇಗ ಹೋಗಿ ಏನ್ ಮಾಡ್ತೀಯಕ್ಕ?" ಎಂದು ಒಮ್ಮೆ ಕೇಳಿದ್ದೆ.

"ಏನೂ ಇಲ್ಲ ಕಣೇ, ಸುಮ್ನೆ ನಿಂತಿರ್ತೀನಿ. ಮನೇಲಿ ಸುಮ್ನೆ ನಿಂತ್ರೆ ಯಾರಾದ್ರೂ ನೀರು ಕೇಳ್ತಾರೆ. ಇಲ್ಲಿ ಯಾರೂ ಏನೂ ಕೇಳಲ್ಲ."

ಹೀಗೆ ಸುಮ್ಮನೆ ನಿಲ್ಲಲು ಒಂದು ಜಾಗ ಅವಳಿಗಿತ್ತು. ಅದೇ ಕೈಬಿಟ್ಟು ಹೋಗುವ ದಿನ ಹತ್ತಿರವಾಯಿತು.

ಆ ದಿನ ಮಾರುಕಟ್ಟೆಗೆ ಹೋದ ಬುಟ್ಟಿಗಳು ಹೋದ ಹಾಗೇ ಹಿಂದಕ್ಕೆ ಬಂದವು. ಬೀನ್ಸಕ್ಕ ಬುಟ್ಟಿಗಳನ್ನು ಜಗಲಿಯ ಮೇಲೆ ಇಳಿಸಿ ಒಂದು ಹಿಡಿ ಕಾಯಿ ತೆಗೆದು ನನಗೆ ತೋರಿಸಿದಳು. ಕಾಯಿ ಗಿಡ್ಡ, ಸೊಟ್ಟ. ಬೆರಳಲ್ಲಿ ಉಜ್ಜಿದರೆ ಮಸಿ.

"ದಲ್ಲಾಳಿ ಏನಂದ ಗೊತ್ತಾ? ಅಮ್ಮಾ, ಇದು ಬೀನ್ಸೋ ಸುಟ್ಟ ಮೊಳೆನೋ ಅಂದ. ಎಲ್ಲರೂ ನಕ್ರು."

ಅವಳೂ ನಗಲು ನೋಡಿದಳು, ಆಗಲಿಲ್ಲ. ಕಣ್ಣು ತುಂಬಿಕೊಂಡಿತ್ತು.

ಮುಂಚೆ ಈ ಹೊಲದ ಬೀನ್ಸ್ ಅಂದರೆ ವ್ಯಾಪಾರಿಗಳು ಬುಟ್ಟಿ ಇಳಿಸುವ ಮೊದಲೇ ಕೈ ಹಾಕುತ್ತಿದ್ದರು. ಈಗ ಕೆಲವು ಬೆಳೆಗಳಿಂದ ಹೀಗೆ. ಎಲೆಯ ಮೇಲೆ ಕಂದು ಚುಕ್ಕಿ ಏಳುತ್ತದೆ. ಆಮೇಲೆ ಎಲೆಯೆಲ್ಲ ತಾಮ್ರದ ಬಣ್ಣಕ್ಕೆ ತಿರುಗಿ ಹೊತ್ತಿಗೆ ಮುಂಚೆ ಉದುರುತ್ತದೆ. ಹುಳವಿರಬೇಕು ಎಂದು ಔಷಧಿ ಹೊಡೆದರು. ಹೋಗಲಿಲ್ಲ. ಇನ್ನೂ ಜಾಸ್ತಿ ಬೆಲೆಯ ಔಷಧಿ ತಂದು ಹೊಡೆದರು. ಅಂಗಡಿಯವನು ಉದ್ಧಾರವಾದ, ಹೊಲ ಆಗಲಿಲ್ಲ.

ಗೂಡಣ್ಣ ಬಂದ. ಕೈಕಾಲೆಲ್ಲ ಕೆಮ್ಮಣ್ಣು. ಬುಟ್ಟಿ ನೋಡಿದ, ಹೆಂಡತಿಯ ಮುಖ ನೋಡಿದ, ಆಮೇಲೆ ಬಹಳ ಮೆತ್ತಗೆ ಹೇಳಿದ. ಒಳ್ಳೆಯ ಮನುಷ್ಯ, ಕೂಗಾಡುವವನಲ್ಲ.

"ನೋಡೇ, ಎಷ್ಟು ದಿನ ಅಂತ ಈ ಹೊಲದ ಜೊತೆ ಗುದ್ದಾಡ್ತೀಯ? ಇನ್ನೊಂದು ಬೆಳೆ ನೋಡೋಣ. ಅದೂ ಹೀಗೇ ಆದ್ರೆ ಮೇಲಿನ ಮಣ್ಣು ತೆಗೆದು ಇಟ್ಟಿಗೆ ಮಾಡೋಣ. ಒಳ್ಳೇ ಜಿಗುಟು ಮಣ್ಣು. ಅಗೆಯೋ ಯಂತ್ರದವನಿಗೂ ಹೇಳಿಟ್ಟಿದೀನಿ."

"ಮಣ್ಣು ತೆಗೆದ ಮೇಲೆ?"

"ತೆಗೆದ ಮೇಲೆ ಏನು? ಗುಂಡಿ."

ಬೀನ್ಸಕ್ಕ ಕೈಯಲ್ಲಿದ್ದ ಕಾಯಿಗಳನ್ನು ಮತ್ತೆ ಬುಟ್ಟಿಗೆ ಹಾಕಿದಳು. ಆ ಹೊಲದ ಮಣ್ಣಿನಲ್ಲೇ ಅವಳು ಬೆಳೆದವಳು. ತಾಯಿಯ ಹಿಂದೆ ಹಿಂದೆ ಸಾಲು ಹಿಡಿದು ನಡೆದವಳು. ಅದು ಯಾರದೋ ಮನೆಯ ಗೋಡೆಯಾಗಿ ಹೋಗುತ್ತದೆ ಎಂದರೆ ಅವಳಿಗೆ ಹೇಗಾಗಿರಬೇಡ?

ಮೂಲೆಯ ಮಂಚದ ಮೇಲಿಂದ ಒಂದು ದನಿ ಬಂತು. "ನಾನೊಂದು ಕನಸು ಕಂಡೆ."

ಅದು ಗೂಡಣ್ಣನ ತಾಯಿ. ವಯಸ್ಸಾಗಿದೆ, ಹಗಲೆಲ್ಲ ಜಗಲಿಯ ಮಂಚದ ಮೇಲೆ ತೂಕಡಿಸುತ್ತಾ ಇರುತ್ತಾಳೆ. ಎಚ್ಚರವಾದಾಗಲೆಲ್ಲ ಒಂದೊಂದು ಕನಸು ಹೇಳುತ್ತಾಳೆ. ನಮಗೆಲ್ಲ ಅವಳು ಕನಸಜ್ಜಿ.

"ಹೇಳಮ್ಮ, ಅದೊಂದು ಬಾಕಿ ಇತ್ತು," ಎಂದ ಮಗ.

"ಬೀನ್ಸ್ ಗಿಡಗಳೆಲ್ಲ ಸಾಲಾಗಿ ಕೂತಿದ್ವು ಕಣೋ, ಆಸ್ಪತ್ರೆ ಬೆಂಚಿನ ಮೇಲೆ ಕೂರ್ತಾರಲ್ಲ, ಹಾಗೆ. ಒಂದೊಂದೂ ಕೆಮ್ಮುತ್ತಿತ್ತು. ನನ್ನ ನೋಡಿ, ಅಜ್ಜಿ, ಸ್ವಲ್ಪ ಕಿಟಕಿ ತೆಗಿ ಅಂದ್ವು. ಹೊಲಕ್ಕೆ ಎಲ್ಲಿಯ ಕಿಟಕಿ? ಹುಡುಕಿದೆ, ಹುಡುಕಿದೆ. ಅಷ್ಟರಲ್ಲಿ ನೀನು ಬಂದು ಎಬ್ಬಿಸ್ಬಿಟ್ಟೆ."

"ನಾನೆಲ್ಲಿ ಎಬ್ಬಿಸ್ದೆ? ನೀನೇ ಎದ್ದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಮನೆಯಲ್ಲಿ ಆ ದಿನ ಸರಿಯಾಗಿ ಮಾತಾಡಿದವಳು ಅಜ್ಜಿ ಒಬ್ಬಳೇ ಎಂದು ಯಾರಿಗೂ ಹೊಳೆಯಲಿಲ್ಲ.

ಬೀನ್ಸಕ್ಕ ಮತ್ತೆ ಬಿತ್ತಿದಳು. ಗಿಡ ಎದ್ದು ನಿಂತಿತು, ಎಲೆ ಅಗಲವಾಯಿತು, ಚುಕ್ಕಿಯೂ ಬಂತು. ಆಗ ಗೂಡಣ್ಣನಿಗೆ ಒಂದು ಉಪಾಯ ಹೊಳೆಯಿತು ನೋಡಿ. ಗೂಡಿನವರಿಗೆ ಮಾತ್ರ ಹೊಳೆಯುವ ಉಪಾಯ.

"ಸೊಳ್ಳೆ ಬಂದ್ರೆ ಹೊಗೆ ಹಾಕ್ತೀವಿ. ಹುಳಕ್ಕೂ ಹೊಗೆ ಹಾಕಿದ್ರಾಯ್ತು. ನನಗೆ ಇದು ಮೊದಲೇ ಯಾಕೆ ಹೊಳೀಲಿಲ್ಲ?"

ಸಂಜೆ ಒಂದು ಹಳೇ ಕಬ್ಬಿಣದ ಬಾಣಲೆ ತುಂಬಾ ಕೆಂಡ ಹೊತ್ತು ಬಂದ. ಅದರ ಮೇಲೆ ಹಸಿ ಸೊಪ್ಪು ಹಾಕಿದ. ಹೊಗೆ ಸಾಲದು ಅನ್ನಿಸಿತು. ಗೂಡು ಹೊತ್ತಿಸಲು ತಂದಿಟ್ಟಿದ್ದ ಟಯರ್ ಚೂರು ಹಾಕಿದ, ಎಣ್ಣೆ ಬಟ್ಟೆ ಹಾಕಿದ. ಅಬ್ಬಬ್ಬಾ, ಅದೇನು ಹೊಗೆ! ಬಾಣಲೆ ಹಿಡಿದು ಒಂದೊಂದು ಸಾಲೂ ಬಿಡದೆ ನಡೆದ. ಹೊಗೆ ಅವನ ಎದೆಯವರೆಗೆ ಏರಿತು, ಆಮೇಲೆ ಕುತ್ತಿಗೆಯವರೆಗೆ. ಕೊನೆಗೆ ಮುಳುಗುವ ಸೂರ್ಯನ ಬೆಳಕಿನಲ್ಲಿ ಗೂಡಣ್ಣನ ತಲೆಯೊಂದೇ ಹೊಲದ ಮೇಲೆ ತೇಲುತ್ತಿತ್ತು. ತೇಲುತ್ತಾ ತೇಲುತ್ತಾ ಹೆಂಡತಿಯನ್ನು ಕೂಗಿ ಹೇಳುತ್ತಿತ್ತು.

"ಇನ್ನು ನೋಡೇ, ಒಂದು ಹುಳ ಉಳಿದ್ರೆ ಕೇಳು!"

ಬೀನ್ಸಕ್ಕ ಬದುವಿನ ಮೇಲೆ ನಿಂತು ಗಂಡನನ್ನೇ ನೋಡುತ್ತಿದ್ದಳು. "ಎಷ್ಟು ಕಷ್ಟ ಪಡ್ತಾರೆ ನೋಡು, ನನಗೋಸ್ಕರ," ಎಂದಳು. ನಿಜ, ಅವಳಿಗೋಸ್ಕರವೇ. ಅದಕ್ಕೇ ಆ ಸಂಜೆಯನ್ನು ನೆನೆದರೆ ನನಗೆ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ.

ಬೆಳಗ್ಗೆ ಎದ್ದು ನೋಡಿದರೆ ಎಲೆಗಳೆಲ್ಲ ಸೊರಗಿ ನಿಂತಿದ್ದವು. ನಾನು ಹೊರಗೆ ಒಣಗಲು ಹಾಕಿದ್ದ ಗಿರಾಕಿಯ ಬಿಳಿ ಅಂಗಿಯೂ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಹುಳ ಬಹಳ ಗಟ್ಟಿ ಅಂತ ಕಾಣುತ್ತೆ," ಎಂದ ಗೂಡಣ್ಣ. "ಇವತ್ತು ಎರಡು ಬಾಣಲೆ ಹಾಕ್ತೀನಿ."

ಅಂಗಿ ಕೈಯಲ್ಲಿ ಹಿಡಿದು ನಾನು ಜಗಳಕ್ಕೇ ಹೊರಟಿದ್ದೆ. ಅಷ್ಟರಲ್ಲಿ ಹೊಲದ ಬದಿಯಲ್ಲಿ ಯಾರೋ ಜೋರಾಗಿ ಸೀನಿದರು. ಮತ್ತೆ ಸೀನಿದರು. ನೋಡಿದರೆ ಕೃಷಿ ಮೇಡಂ. ನಮ್ಮ ಸ್ವಸಹಾಯ ಸಂಘಕ್ಕೆ ಬಂದು ಬೀಜ, ಗೊಬ್ಬರದ ವಿಷಯ ಹೇಳುತ್ತಾರಲ್ಲ, ಅವರು. ಬೀನ್ಸಕ್ಕನೇ ಬರಲು ಹೇಳಿ ಕಳಿಸಿದ್ದಳು.

ಮೇಡಂ ಮೂಗು ಒರೆಸಿಕೊಂಡು ಬಗ್ಗಿ ಒಂದು ಎಲೆ ಹಿಡಿದರು. ಮೇಲೆ ನೋಡಿದರು, ತಿರುಗಿಸಿ ಕೆಳಗೆ ನೋಡಿದರು.

"ಹುಳ ಇದ್ರೆ ಎಲೆ ಅಡೀಲಿ ಮೊಟ್ಟೆನೋ ಬಲೆನೋ ತೂತೋ ಏನಾದ್ರೂ ಕಾಣ್ಬೇಕು. ಇಲ್ಲಿ ಅಡಿಭಾಗ ಶುದ್ಧವಾಗಿದೆ. ಚುಕ್ಕಿ ಮೇಲುಗಡೆ ಮಾತ್ರ. ನರ ಬಿಟ್ಟು ನರದ ನಡುವೆ ಮಾತ್ರ. ಇದು ಹುಳ ಅಲ್ಲಣ್ಣ."

"ಮತ್ತೇನು ರೋಗ?"

"ರೋಗಾನೂ ಅಲ್ಲ ಅನ್ಸುತ್ತೆ. ಗಿಡಕ್ಕೆ ಉಸಿರು ಕಟ್ಟಿದೆ."

ಗೂಡಣ್ಣ ನನ್ನ ಕಡೆ ನೋಡಿದ. ನಗು ತಡೆದುಕೊಂಡಿದ್ದ. "ಗಿಡಕ್ಕೆ ಮೂಗಿದೆಯಾ ಮೇಡಂ?"

"ಎಲೆ ತುಂಬಾ ಮೂಗೇ. ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ತೂತು. ಅದರಲ್ಲೇ ಗಾಳಿ ಒಳಗೆ ಹೋಗೋದು. ಹೊಗೆಯ ಮಸಿ ಎಲೆ ಮೇಲೆ ಕೂತ್ರೆ ಬಿಸಿಲು ಸರಿಯಾಗಿ ತಾಗಲ್ಲ. ಬಿಸಿಲೇ ತಾನೇ ಗಿಡದ ಒಲೆ? ಒಲೆ ಮಂಕಾದ್ರೆ ಅಡುಗೆ ಹೇಗೆ ಬೇಯುತ್ತೆ? ಇನ್ನು ಹೊಗೆಯೊಳಗಿನ ಕೆಟ್ಟ ಗಾಳಿ ಎಲೆಯೊಳಗೆ ಹೋದ್ರೆ ಒಳಗಿಂದಾನೇ ಸುಡುತ್ತೆ. ಅದೂ ಸಾಲದು ಅಂತ ಗೂಡಿನ ಹೊಗೆ, ಲಾರಿ ಹೊಗೆ, ಕಸ ಸುಟ್ಟ ಹೊಗೆ ಎಲ್ಲ ಗಾಳೀಲಿ ಸೇರ್ಕೊಂಡು ಬಿಸಿಲಿಗೆ ಕಾದು ಇನ್ನೊಂದು ವಿಷ ಹುಟ್ಟುತ್ತೆ. ಓಝೋನ್ ಅಂತ."

ನಾನು ಬಾಯಿ ಹಾಕಿದೆ. "ಓಝೋನ್ ಒಳ್ಳೇದಲ್ವಾ ಮೇಡಂ? ಭೂಮಿಗೆ ಕೊಡೆ ಹಿಡಿದ ಹಾಗೆ ಅಂತ ರೇಡಿಯೋದಲ್ಲಿ ಕೇಳಿದ್ದೆ."

"ಕೊಡೆ ತಲೆ ಮೇಲಿದ್ರೆ ಒಳ್ಳೇದು. ಗಂಟಲೊಳಗೆ ಹೋದ್ರೆ?"

ಗೂಡಣ್ಣ ಒಪ್ಪಲಿಲ್ಲ. "ನಮ್ಮಪ್ಪನ ಕಾಲದಿಂದ ಈ ಗೂಡು ಉರೀತಿದೆ ಮೇಡಂ. ಆವಾಗ ಈ ಹೊಲದಲ್ಲಿ ಬೆಳೀತಿರ್ಲಿಲ್ವಾ?"

"ಆವಾಗ ಸುತ್ತಮುತ್ತ ಇದೊಂದೇ ಗೂಡು. ಈಗ ಆ ದಿಬ್ಬ ಹತ್ತಿ ನೋಡಿ, ಚಿಮಣಿ ಎಣಿಸೋಕಾಗಲ್ಲ. ಆವಾಗ ಟಯರು, ಪ್ಲಾಸ್ಟಿಕ್ಕು ಹಾಕ್ತಿದ್ರಾ? ಲಾರಿ ಇಷ್ಟಿತ್ತಾ?"

"ಗೂಡಿದ್ರೆ ತಾನೇ ಮನೆ ನಡೆಯೋದು? ಗೂಡು ದುಡ್ಡು ಕೊಡುತ್ತೆ. ಹೊಲ ಏನು ಕೊಡುತ್ತೆ?"

ಮೇಡಂ ಈ ಮಾತಿಗೆ ಮಾತ್ರ ಸ್ವಲ್ಪ ಬಿರುಸಾದರು. "ಅಣ್ಣ, ಗೂಡಿಂದ ಬಂದ ದುಡ್ಡು ನಿಮ್ಮ ಕೈಗೆ ಸಿಗುತ್ತೆ, ಎಣಿಸ್ತೀರ. ಹೊಲದಲ್ಲಿ ಬರದೇ ಹೋದ ದುಡ್ಡನ್ನ ಯಾರು ಎಣಿಸ್ತಾರೆ? ಬೀಜ, ಗೊಬ್ಬರ, ನೀರು, ಬಿಡಿಸೋ ಕೂಲಿ ಯಾವುದೂ ಕಮ್ಮಿ ಆಗಿಲ್ಲ. ಬೇಡದ ಔಷಧಿಗೆ ಬೇರೆ ಸುರಿದಿದ್ದೀರ. ಕಾಯಿ ಮಾತ್ರ ಕಮ್ಮಿ, ಇರೋ ಕಾಯಿಗೂ ಬೆಲೆ ಇಲ್ಲ. ಎಲೆಗೆ ಚುಕ್ಕಿ ಬೀಳೋ ಮುಂಚೇನೇ ಫಸಲು ಇಳಿದಿರುತ್ತೆ, ನಮ್ಮ ಕಣ್ಣಿಗೆ ಕಾಣೋದು ಕೊನೆಗೆ. ನಿಮ್ಮ ಒಂದು ಜೇಬಿಗೆ ಹಾಕಿದ್ದನ್ನ ಇನ್ನೊಂದು ಜೇಬಿಂದ ಹೊಗೆ ತೆಗೀತಿದೆ."

"ಬೇಲಿಯೇ ಎದ್ದು ಹೊಲ ಮೇಯ್ತು ಅನ್ನಿ," ಎಂದೆ ನಾನು. ಗೂಡಣ್ಣ ನನ್ನನ್ನು ಗುರಾಯಿಸಿದ. ಅಂಗಿಯ ಸಿಟ್ಟು ನನಗಿನ್ನೂ ಇತ್ತು, ನಾನೂ ಗುರಾಯಿಸಿದೆ.

"ನನ್ನ ಮಾತು ನಂಬ್ಬೇಡಿ," ಎಂದರು ಮೇಡಂ. "ಗಿಡಾನೇ ಕೇಳಿ. ಎರಡು ಕುಂಡ ತಗೊಳ್ಳಿ. ಒಂದೇ ಮಣ್ಣು, ಒಂದೇ ಬೀಜ. ಒಂದು ಇಲ್ಲಿರಲಿ. ಇನ್ನೊಂದು ಗೂಡಿನ ಹೊಗೆ, ದೊಡ್ಡ ರಸ್ತೆ ಹೊಗೆ ಯಾವುದೂ ತಾಗದ ಕಡೆ ಇಡಿ. ಆಮೇಲೆ ನೋಡೋಣ."

ದಿಬ್ಬದ ಆಚೆ, ಗಾಳಿ ಬರುವ ದಿಕ್ಕಿನಲ್ಲಿ ನನ್ನ ತಂಗಿಯ ಮನೆಯಿದೆ. ಒಂದು ಕುಂಡ ಅಲ್ಲಿಗೆ ಹೋಯಿತು. ಮೋಸ ಆಗಬಾರದು ಎಂದು ಗೂಡಣ್ಣನೇ ಹೆಂಡತಿಯ ಹೊಲದ ಮಣ್ಣು ಜರಡಿ ಹಿಡಿದು ಎರಡೂ ಕುಂಡಕ್ಕೆ ತುಂಬಿದ, ಒಂದೇ ಚೀಲದಿಂದ ಬೀಜ ಆರಿಸಿ ಹಾಕಿದ. ತನ್ನ ಕುಂಡವನ್ನು ಹೊಲದ ಬದುವಿನ ಮೇಲೆ, ಗೂಡಿಗೆ ಎದುರಾಗಿ ಇಟ್ಟ.

"ನನ್ನ ಗಿಡ ಸೋಲಲ್ಲ ನೋಡ್ತಾ ಇರಿ," ಎಂದ.

ಆಮೇಲೆ ನಡೆದದ್ದನ್ನು ನಾನು ದಿನಾ ಕಿಟಕಿಯಿಂದ ನೋಡಿದ್ದೇನೆ, ಆದರೂ ನನಗೇ ನಂಬಲಾಗುವುದಿಲ್ಲ. ಹೆಂಡತಿ ಹೊಲದಲ್ಲಿ ಏನು ಮಾಡುತ್ತಾಳೆಂದು ಒಂದು ದಿನವೂ ತಿರುಗಿ ನೋಡದ ಗಂಡಸು, ಬೆಳಗಾದರೆ ಕುಂಡದ ಮುಂದೆ ಕುಕ್ಕುರುಗಾಲಲ್ಲಿ ಕೂತಿರುತ್ತಿದ್ದ. ಕೈಯಳತೆಯಲ್ಲಿ ನೀರು ಹಾಕುವುದು, ಕಡ್ಡಿ ನೆಟ್ಟು ಬಳ್ಳಿ ಕಟ್ಟುವುದು, ಒದ್ದೆ ಬಟ್ಟೆಯಲ್ಲಿ ಎಲೆ ಒರೆಸುವುದು. ಒಂದು ಬೆಳಗ್ಗೆ ಮಾತಾಡಿಸುತ್ತಿದ್ದ!

"ಏಳಪ್ಪಾ, ಎದ್ದೇಳು. ಮರ್ಯಾದೆ ಉಳಿಸು."

"ಯಾರ ಜೊತೆ ಮಾತು?" ಎಂದು ಬೀನ್ಸಕ್ಕ ಸಾಲಿನ ಆ ಕಡೆಯಿಂದ ಕೇಳಿದಳು.

"ಯಾರ ಜೊತೇನೂ ಇಲ್ಲ. ಗಂಟಲು ಸರಿ ಮಾಡ್ಕೊಂಡೆ."

ತೆಳು ಹೊಗೆಯಲ್ಲಿ ಅವನೊಂದು ಕಡೆ, ಅವಳೊಂದು ಕಡೆ. ಇಬ್ಬರೂ ಸೊಂಟದಿಂದ ಕೆಳಗೆ ಕಾಣುವುದಿಲ್ಲ. ಮಂಚದ ಮೇಲೆ ಕನಸಜ್ಜಿ ನಿದ್ದೆಯಲ್ಲೇ ನಗುತ್ತಿದ್ದಳು. ಆ ದಿನಗಳು ನನಗೆ ಈಗಲೂ ಅರೆನಿದ್ದೆಯಲ್ಲಿ ಕಂಡ ಹಾಗೇ ನೆನಪಿವೆ.

ಇಷ್ಟೆಲ್ಲ ಮಾಡಿದರೂ ಗೂಡಣ್ಣನ ಗಿಡಕ್ಕೆ ಚುಕ್ಕಿ ಬಂತು. ಮೊದಲು ಕೆಳಗಿನ ಹಳೇ ಎಲೆಗೆ, ಆಮೇಲೆ ಮೇಲಕ್ಕೆ. ಅವನು ಯಾರಿಗೂ ಹೇಳಲಿಲ್ಲ. ಆದರೆ ಒಂದು ದಿನ ಎಲೆ ಒರೆಸುತ್ತಾ ಒರೆಸುತ್ತಾ ಅವನ ಕೈ ನಿಂತುಹೋಯಿತು. ಅದೇ ಎಲೆಯನ್ನು ಎತ್ತಿ ಎತ್ತಿ ನೋಡಿದ. ಕೊನೆಗೆ ನನ್ನ ಕಿಟಕಿಯ ಹತ್ತಿರ ಬಂದು ತಂಗೀ ಎಂದು ಕರೆದ.

"ನಿನ್ನ ಕಣ್ಣು ಚುರುಕು. ಬಾ, ಇದನ್ನೊಂದು ನೋಡು."

ಒಂದು ಎಲೆಯ ಮೇಲೆ ಇನ್ನೊಂದು ಎಲೆ ಅಡ್ಡ ಬಂದು ಒರಗಿತ್ತು. ಅವನು ಮೇಲಿನ ಎಲೆಯನ್ನು ಎತ್ತಿದ. ಕೆಳಗಿನ ಎಲೆಯ ಮೈಯೆಲ್ಲ ಕಂದು ಚುಕ್ಕಿ. ಮೇಲಿನ ಎಲೆ ಮುಚ್ಚಿದ್ದಷ್ಟು ಜಾಗ ಮಾತ್ರ ಹಸಿ ಹಸಿರು. ಕತ್ತರಿಯಲ್ಲಿ ಕತ್ತರಿಸಿಟ್ಟ ಹಾಗೆ, ಎಲೆಯ ಆಕಾರದಲ್ಲೇ ಹಸಿರು. ಮೇಲಿನ ಎಲೆ ಮಸಿಯೂ ಬಿಸಿಲೂ ತಾಗದ ಹಾಗೆ ತನ್ನ ನೆರಳಿನಲ್ಲಿ ಕೆಳಗಿನದನ್ನು ಕಾಪಾಡಿಕೊಂಡಿತ್ತು.

"ಹುಳ ಆಗಿದ್ರೆ ನೆರಳು ನೋಡಿ ಬಿಟ್ಬಿಡ್ತಿತ್ತಾ?" ಎಂದ. ಅವನ ದನಿ ಇಳಿದಿತ್ತು.

ನನಗೆ ಆ ಹೊತ್ತಿನಲ್ಲಿ ತಮಾಷೆ ಮಾಡಲು ಮನಸ್ಸು ಬರಲಿಲ್ಲ.

"ಬಿಡ್ತಿರ್ಲಿಲ್ಲ ಅಣ್ಣ," ಎಂದೆ.

ಗೂಡಣ್ಣ ಆ ಮೇಲಿನ ಎಲೆಯನ್ನು ಮೆಲ್ಲಗೆ ಮತ್ತೆ ಅದರ ಜಾಗದಲ್ಲೇ ಒರಗಿಸಿಟ್ಟ. ಎದ್ದು ಗೂಡಿನ ಕಡೆ ಹೋದ. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವನಿಗೆ ಮನಸ್ಸು ಬರಲಿಲ್ಲ. ಅಗೆಯುವ ಯಂತ್ರದವನಿಗೆ ಬರಬೇಡ ಎಂದು ಅವನು ಹೇಳಲಿಲ್ಲ.

ಕಾಯಿ ಬಿಡಿಸುವ ಕಾಲ ಮುಗಿಯುತ್ತಾ ಬಂತು. ಹೊಲದ ಫಸಲು ಹೋದ ಸಲದಷ್ಟೂ ಇಲ್ಲ. ಯಂತ್ರದವನು ನಾಳೆ ಬರುತ್ತೇನೆ ಎಂದು ಹೇಳಿ ಕಳಿಸಿದ. ಬೀನ್ಸಕ್ಕ ಆ ಸಂಜೆ ಹೊಲದ ತುಂಬಾ ನಡೆದಾಡಿದಳು. ಒಂದೊಂದು ಸಾಲಿನ ತುದಿಗೂ ಹೋಗಿ ನಿಂತು ಬಂದಳು. ನಾನು ಕಿಟಕಿ ಮುಚ್ಚಿಬಿಟ್ಟೆ. ನೋಡಲು ಆಗಲಿಲ್ಲ.

ಬೆಳಗ್ಗೆ ಮೊದಲ ಬಸ್ಸಿಗೇ ತಂಗಿಯ ಮನೆಗೆ ಓಡಿದೆ. ಕುಂಡವನ್ನು ತೊಡೆಯ ಮೇಲೆ ಇಟ್ಟುಕೊಂಡು ವಾಪಸ್ಸು ಬಂದೆ. ಗಿಡ ಎಷ್ಟು ಹುಲುಸಾಗಿತ್ತೆಂದರೆ ಅದರ ಆಚೆ ನಾನು ಕಾಣುತ್ತಲೇ ಇರಲಿಲ್ಲ. "ಮಗೂಗೆ ಟಿಕೆಟ್ ಬೇಡ್ವಾ?" ಎಂದು ಕಂಡಕ್ಟರ್ ಕೇಳಿದ. "ಹಾಲು ಕುಡಿಯೋ ಮಗು, ಬಿಡಪ್ಪಾ," ಎಂದೆ. ಬಸ್ಸಿಡೀ ನಕ್ಕಿತು. ನಾನು ಮಾತ್ರ ರಸ್ತೆಯನ್ನೇ ನೋಡುತ್ತಿದ್ದೆ, ಯಂತ್ರ ನನಗಿಂತ ಮೊದಲು ಮುಟ್ಟಿದರೆ ಏನು ಗತಿ ಎಂದು.

ನಾನು ಇಳಿದು ಬರುವಷ್ಟರಲ್ಲಿ ಯಂತ್ರ ಬಂದು ನಿಂತಿತ್ತು. ಹಳದಿ ಬಣ್ಣದ ದೊಡ್ಡ ಕೈ ಹೊಲದ ಬದುವಿನ ಮೇಲೆ ಚಾಚಿಕೊಂಡಿತ್ತು. ಯಂತ್ರದವನು ಬಾಡಿಗೆ ಗಂಟೆ ಲೆಕ್ಕ, ಬೇಗ ಹೇಳಿ ಎಂದು ಗೊಣಗುತ್ತಿದ್ದ. ಬೀನ್ಸಕ್ಕ ಬಾಗಿಲಲ್ಲಿ ನಿಂತಿದ್ದಳು. ಕೃಷಿ ಮೇಡಮ್ಮೂ ಬಂದಿದ್ದರು, ಎಂದಿನಂತೆ ಸೀನುತ್ತಾ.

ನಾನು ಏದುಸಿರು ಬಿಡುತ್ತಾ ಹೋಗಿ ತಂಗಿಯ ಮನೆಯ ಕುಂಡವನ್ನು ಗೂಡಣ್ಣನ ಕುಂಡದ ಪಕ್ಕ ಇಟ್ಟೆ.

ಎಲ್ಲರೂ ಬಗ್ಗಿ ನೋಡಿದರು. ಒಂದು ಗಿಡ ತುಂಬಿದ ಮನೆಯ ಹಾಗೆ, ಎಲೆ ಸರಿಸಿದ ಕಡೆಯೆಲ್ಲ ನೀಳ ಕಾಯಿ. ಇನ್ನೊಂದರಲ್ಲಿ ತಾಮ್ರದ ಬಣ್ಣದ ನಾಲ್ಕು ಎಲೆ, ಸೊಟ್ಟಗಿನ ಹಿಡಿ ಕಾಯಿ.

ಗೂಡಣ್ಣ ಕೂತ. ತನ್ನ ಗಿಡದ ಎಲೆ ಮುಟ್ಟಿದ. ಅದು ಕೈಗೇ ಬಂತು.

"ನಿನ್ನ ತಂಗಿ ಏನ್ ಮಾಡಿದ್ಲು ಇದಕ್ಕೆ?" ಎಂದು ನನ್ನನ್ನು ಕೇಳಿದ.

"ಏನೂ ಮಾಡಿಲ್ಲ ಅಣ್ಣ. ನೀರು ಹಾಕಿದಾಳೆ ಅಷ್ಟೇ. ಕೆಲವು ದಿನ ಅದನ್ನೂ ಮರ್ತಿದಾಳಂತೆ."

ಅವನ ಮುಖ ಆಗ ಬಾಡಿಹೋಯಿತು. "ನಾನು ಮಗು ಹಾಗೆ ನೋಡ್ಕೊಂಡಿದ್ನಲ್ಲೇ," ಎಂದು ಹೆಂಡತಿಯ ಕಡೆ ತಿರುಗಿದ. "ದಿನಾ ಒರೆಸಿದೆ. ಮಾತಾಡಿಸ್ದೆ. ಒಂದು ಕೈಲಿ ನೀರು ಹಾಕ್ದೆ, ಇನ್ನೊಂದು ಕೈಲಿ ಹೊಗೆ ಬಿಟ್ಟೆ. ನಿನ್ನ ಹೊಲಕ್ಕೂ ನಾನು ಮಾಡಿದ್ದು ಇದೇ ಅಲ್ವಾ? ಮದ್ದು ಅಂತ ಬಾಣಲೆ ಬೇರೆ ಹೊತ್ಕೊಂಡು ಬಂದೆ."

"ನನಗೋಸ್ಕರ ತಾನೇ ಹೊತ್ಕೊಂಡು ಬಂದಿದ್ದು," ಎಂದಳು ಬೀನ್ಸಕ್ಕ. ಅವಳು ಅಳುತ್ತಿದ್ದಳು. ಅವನೂ ಅಳುತ್ತಿದ್ದ. ಹೊಗೆ ಕಣ್ಣಿಗೆ ಹೋಯಿತು ಎಂದು ಅವನು ಆಮೇಲೆ ಹೇಳಿದ, ನಾವೂ ಒಪ್ಪಿಕೊಂಡೆವು.

"ಅಣ್ಣಾ, ಅಗೆಯೋದಾ ಬೇಡ್ವಾ?" ಎಂದು ಯಂತ್ರದವನು ಕೂಗಿದ.

ಗೂಡಣ್ಣ ಎದ್ದು ನಿಂತ. "ಅಗಿ. ಬಂದವನು ಖಾಲಿ ಕೈಲಿ ಹೋಗ್ಬೇಡ. ಆದ್ರೆ ಇಲ್ಲಲ್ಲ. ಯಂತ್ರ ಆ ಕಡೆ ತಿರುಗಿಸು. ಗೂಡಿನ ನೆಲ ಅಗಿ. ಹೊಗೆ ಕಮ್ಮಿ ಆಗೋ ಹಾಗೆ ಹೊಸದಾಗಿ ಜೋಡಿಸ್ಬೇಕು."

ಹಳದಿ ಕೈ ಹೊಲದ ಮೇಲಿಂದ ನಿಧಾನವಾಗಿ ಆಚೆ ತಿರುಗಿತು.

ಗೂಡು ನಿಲ್ಲಲಿಲ್ಲ, ನಿಲ್ಲಿಸಿ ಎಂದು ಮೇಡಂ ಹೇಳಲೂ ಇಲ್ಲ. ಗೂಡು ನಂಬಿದ ಮನೆಗಳೂ ಇವೆಯಲ್ಲ. ಇಟ್ಟಿಗೆಯನ್ನು ನೇರ ಸಾಲಾಗಿ ಪೇರಿಸುವ ಬದಲು ಗಾಳಿ ಅಂಕುಡೊಂಕಾಗಿ ಹಾಯುವ ಹಾಗೆ ಪೇರಿಸುವ ಒಂದು ಕ್ರಮವಿದೆ. ಹಾಗೆ ಮಾಡುವ ಒಂದು ಗೂಡನ್ನು ಮೇಡಂ ಅವನನ್ನು ಕರೆದುಕೊಂಡು ಹೋಗಿ ತೋರಿಸಿದರು. ಬೆಂಕಿ ಪೂರ್ತಿ ಉರಿಯುತ್ತದೆ, ಕಲ್ಲಿದ್ದಲು ಕಮ್ಮಿ ಸಾಕು, ಹೊಗೆಯೂ ಕಮ್ಮಿ, ಇಟ್ಟಿಗೆಯೂ ಒಂದೇ ಸಮ ಬೇಯುತ್ತದೆ. ಟಯರ್, ಪ್ಲಾಸ್ಟಿಕ್, ಎಣ್ಣೆ ಬಟ್ಟೆ ಗೂಡಿನ ಹತ್ತಿರ ಸುಳಿಯಬಾರದು ಎಂದು ಅವನೇ ಕಟ್ಟುಮಾಡಿದ. ಉರುವಲನ್ನು ಒಂದೇ ಸಲ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾರೆ. ಮಣ್ಣಿಗೆ ಕೆರೆಯ ಹೂಳು ತರುತ್ತಾರೆ, ಕೇಳಬೇಕಾದವರನ್ನು ಕೇಳಿಯೇ. ಬೀನ್ಸಕ್ಕನೂ ಬದಲಾದಳು. ಬೆಳೆ ಮುಗಿದ ಮೇಲೆ ಒಣಗಿದ ಬಳ್ಳಿಗೆ ಬೆಂಕಿ ಇಡುತ್ತಿದ್ದವಳು ಈಗ ಅದನ್ನು ಗೊಬ್ಬರದ ಗುಂಡಿಗೆ ಹಾಕುತ್ತಾಳೆ.

ಈ ಸಲದ ಬೀನ್ಸ್ ಬುಟ್ಟಿ ಮಾರುಕಟ್ಟೆಯಿಂದ ಖಾಲಿಯಾಗಿ ಬಂತು. ದಲ್ಲಾಳಿ ಒಂದು ಕಾಯಿ ಮುರಿದು ನೋಡಿದನಂತೆ. ಟಕ್ ಎಂದಿತಂತೆ. ಮೊಳೆಯ ಮಾತು ಎತ್ತಲಿಲ್ಲವಂತೆ.

ಹಳೇ ಕಾಲದಷ್ಟು ಫಸಲು ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಚುಕ್ಕಿ ಪೂರ್ತಿ ಹೋಗಿಲ್ಲ. ಒಂದು ದಿನ ಬೀನ್ಸಕ್ಕ ಅಜ್ಜಿಗೆ ತಲೆ ಬಾಚುತ್ತಾ ಕೇಳಿದಳು.

"ಅತ್ತೆ, ಈಗ ಗಿಡಗಳು ಕನಸಲ್ಲಿ ಬರ್ತಾವಾ?"

"ಎಲ್ಲಿ ಬರ್ತಾವೆ? ಅವಕ್ಕೆ ಹೊಲದಲ್ಲೇ ಕೆಲಸ ಜಾಸ್ತಿ ಆಗಿದೆ," ಎಂದಳು ಕನಸಜ್ಜಿ. ಆಮೇಲೆ ಕಣ್ಣು ಮುಚ್ಚಿಕೊಂಡಳು. ನಿದ್ದೆ ಹೋದಳು ಅಂದುಕೊಂಡೆವು. "ಮೊನ್ನೆ ಒಂದು ಬಂದಿತ್ತು. ಅಜ್ಜಿ, ನಿಮ್ಮ ಮನೆ ಕಿಟಕಿ ತೆಗೆದ್ರಿ, ಸಂತೋಷ. ಆಚೆಯವರ ಕಿಟಕಿ ಇನ್ನೂ ಮುಚ್ಚಿದೆ ಅಂತು."

ಈ ಸಲ ಯಾರೂ ನಗಲಿಲ್ಲ. ಅಜ್ಜಿಯ ಮಗನೇ ಎದ್ದು ಅಂಗಿ ಹಾಕಿಕೊಂಡು ಪಕ್ಕದ ಗೂಡಿನವರ ಮನೆಗೆ ಹೊರಟ. ಎರಡು ಕೈಯಲ್ಲಿ ಎರಡು ಕುಂಡ.

ಓದುತ್ತಿರುವ ಅಕ್ಕ, ಅಣ್ಣ, ತಂಗಿ, ತಮ್ಮಂದಿರೇ, ಆ ಆಚೆಯವರು ಅಂದರೆ ನಾವೂ ನೀವೂ. ಹೊಲಕ್ಕೆ ಬೇಲಿ ಹಾಕಬಹುದು, ಗಾಳಿಗೆ ಹಾಕಲಾಗುವುದಿಲ್ಲ. ನೀವು ಮನೆಯ ಹಿಂದೆ ಸುಟ್ಟ ಪ್ಲಾಸ್ಟಿಕ್, ಕೊಯ್ಲಾದ ಮೇಲೆ ಹೊಲಕ್ಕೆ ಇಟ್ಟ ಬೆಂಕಿ, ರಿಪೇರಿ ಮಾಡಿಸದೆ ಓಡಿಸುವ ಗಾಡಿಯ ಕಪ್ಪು ಹೊಗೆ, ಎಲ್ಲವೂ ಯಾರದೋ ಎಲೆಯ ಮೇಲೆ ಹೋಗಿ ಕೂರುತ್ತದೆ. ಆ ಮನೆಯವರು ಹುಳ ಬಂತೆಂದು ಔಷಧಿಗೆ ದುಡ್ಡು ಸುರಿಯುತ್ತಾರೆ, ಹೊಲ ಸೋತಿತೆಂದು ಹೊಲವನ್ನೇ ಬಿಡುತ್ತಾರೆ. ಅಲ್ಲಿ ಬೆಳೆಯದೇ ಹೋದ ಕಾಯಿ ನಾಳೆ ನಿಮ್ಮ ಅಡುಗೆಮನೆಗೂ ಬರುವುದಿಲ್ಲ, ಬಂದರೂ ಕೈಗೆಟಕುವುದಿಲ್ಲ. ನಿಮ್ಮ ಬೆಳೆಯಲ್ಲಿ ಇಂಥ ಚುಕ್ಕಿ ಕಂಡರೆ ಔಷಧಿ ಅಂಗಡಿಗೆ ಓಡುವ ಮೊದಲು ಎಲೆ ತಿರುಗಿಸಿ ಅಡಿಭಾಗ ನೋಡಿ, ಕೃಷಿ ಇಲಾಖೆಯವರನ್ನು ಕರೆಸಿ ಕೇಳಿ. ಅನುಮಾನವಿದ್ದರೆ ನೀವೂ ಎರಡು ಕುಂಡ ಇಡಿ. ಗಿಡ ಯಾರ ಮುಲಾಜಿಗೂ ಸುಳ್ಳು ಹೇಳುವುದಿಲ್ಲ.

ಕಡ್ಡಿ ಗೀರುವ ಮುಂಚೆ ಒಂದು ಗಳಿಗೆ ನಿಂತು ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿ. ಆ ಕಡೆ ಒಂದು ಹೊಲವಿದೆ. ಅದರ ನಡುವೆ ಒಬ್ಬಳು ಸುಮ್ಮನೆ ನಿಂತಿದ್ದಾಳೆ.